ಮೆಂಗ್ ಅಣ್ಣ ಬಿಟ್ಟುಹೋದ ಬಾಟಲಿ

"ದೀಪ ಆರಿಸ್ಲಾ ಅಕ್ಕ?" ಎಂದು ಕೇಳುವಾಗ ಚಿಯೂ ಲೆಯ ಕೈ ಆಗಲೇ ಸ್ವಿಚ್ಚಿನ ಮೇಲಿತ್ತು.

ಸೂಯಿನ್ ಹೂಂಗುಟ್ಟಿದಳು. ಅಳತೆಯ ಕೋಣೆ ಕತ್ತಲಾಯಿತು. ಹೊರಗೆ ಇನ್ನೂ ಹಗಲು. ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಹೊಸ ಅಣುವಿನಿಂದ ಮೊದಲ ಸಲ ದೀಪ ಮಾಡಿದಾಗ, ಯಂತ್ರಕ್ಕೆ ಕೊಟ್ಟು ಅಳೆಯುವ ಮುಂಚೆ, ಲ್ಯಾಬಿನವರೆಲ್ಲ ಕೈಕೆಲಸ ಬಿಟ್ಟು ಬಂದು ಬರಿಗಣ್ಣಲ್ಲಿ ಅದನ್ನು ನೋಡಬೇಕು ಎಂಬುದು ಇಲ್ಲಿನ ಪದ್ಧತಿ. ಅದಕ್ಕೆ 'ಮದುಮಗಳ ಮುಸುಕು ತೆಗೆಯೋದು' ಎಂದು ಯಾರು ಯಾವಾಗ ಹೆಸರಿಟ್ಟರೋ ಗೊತ್ತಿಲ್ಲ. ಗುಂಡಿಯನ್ನು ಮಾತ್ರ ಅಣುವನ್ನು ಕಟ್ಟಿದವರೇ ಒತ್ತಬೇಕು.

ಸೂಯಿನ್ ಒತ್ತಿದಳು. ಹೆಬ್ಬೆರಳಿನಷ್ಟಗಲದ ಗಾಜಿನ ನಡುವೆ ಅಕ್ಕಿಕಾಳಿನಂಥ ಒಂದು ಚೌಕ ಹೊತ್ತಿಕೊಂಡಿತು. ನೀಲಿಗೂ ನೇರಳೆಗೂ ನಡುವಿನ ಬಣ್ಣ, ಅಷ್ಟು ತಿಳಿ, ಅಷ್ಟು ತಂಪು.

"ಅಯ್ಯೋ, ಎಷ್ಟು ಚೆಂದ ಇದೆ," ಎಂದರು ಹಿಂದಿನಿಂದ. ಯಾರೋ ಚಪ್ಪಾಳೆ ಶುರು ಮಾಡಿದರು. ಚಿಯೂ ಲೆ, "ಮದುಮಗಳು ಸುಂದರಿ ಕಣ್ರಪ್ಪಾ. ಅಕ್ಕ ಇವತ್ತು ಕಡ್ಡಿಗೆ ಚುಚ್ಚಿ ಸುಟ್ಟ ಕುರಿಮಾಂಸ ಕೊಡಿಸದೆ ಮನೆಗೆ ಹೋಗೋ ಹಾಗಿಲ್ಲ," ಎಂದ. ಬಾಗಿಲ ಹತ್ತಿರ ನಿಂತಿದ್ದ ಹುವೋ ಮೇಷ್ಟ್ರು, "ಸರಿ, ಗ್ರಾಫ್ ತೆಗೆದು ಬರೆಯೋಕೆ ಕೂತ್ಕೋ," ಎಂದು ಹೇಳಿ ಹೋದರು.

ಎಲ್ಲರೂ ಹೋದ ಮೇಲೂ ಸೂಯಿನ್ ಆ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ನಿಂತಿದ್ದಳು. ಹೊತ್ತಿಸುವುದು, ಆರಿಸುವುದು. ಪ್ರತಿ ಸಲವೂ ಆ ನೀಲಿ ಬಂದು ನಿಲ್ಲುತ್ತಿತ್ತು. ಇದು ನನ್ನ ಕಣ್ಣಿಗೆ ಯಾಕೆ ಇಷ್ಟು ಚೆನ್ನಾಗಿ ಕಾಣಬೇಕು ಎಂಬುದೇ ಅವಳಿಗೆ ಬಗೆಹರಿಯಲಿಲ್ಲ.

ಅವಳು ಕಟ್ಟಿದ್ದು ನೇರಳೆಯ ಅಂಚಿನಾಚೆಗೆ, ಮನುಷ್ಯರ ಕಣ್ಣು ಸೋಲುವ ಕಡೆ ಬೆಳಕು ಕೊಡಬೇಕಾದ ಅಣು. ಇಂಗಾಲದ ಉಂಗುರಗಳಿಂದಾದ ಎರಡು ರೆಕ್ಕೆ, ನಡುವೆ ಒಂದು ಕೀಲು. ರೆಕ್ಕೆಗಳೆರಡೂ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಮಲಗಿದರೆ ಎಲೆಕ್ಟ್ರಾನುಗಳು ಅಣುವಿನ ತುಂಬ ಓಡಾಡಿ ಬೆಳಕು ನೀಲಿಗೆ ಇಳಿದುಬಿಡುತ್ತದೆ. ತೀರ ತಿರುಚಿದರೆ ಒಂದು ರೆಕ್ಕೆಗೆ ಇನ್ನೊಂದರ ಪರಿವೆ ಇಲ್ಲದೆ ಬೆಳಕೇ ಸೊರಗುತ್ತದೆ. ಬಾಗಿಲು ಪೂರ್ತಿ ಮುಚ್ಚಿಕೊಳ್ಳದ ಹಾಗೆ ಕಲ್ಲೊಂದನ್ನು ಸಿಕ್ಕಿಸಿಡುತ್ತೇವಲ್ಲ, ಹಾಗೆ ಕೀಲಿನ ಪಕ್ಕ ಪರಮಾಣುಗಳ ಒಂದು ಪುಟ್ಟ ಗುಂಪನ್ನು ಕೂರಿಸಿ ಸರಿಯಾದ ಓರೆ ಹಿಡಿಯುವಷ್ಟರಲ್ಲಿ ಅವಳ ಮಗಳು ಮಾಯ್‌ಮಾಯ್ ನಡೆಯಲು ಕಲಿತು, ಮಾತು ಕಲಿತು, ಈಗ ಶಾಲೆಗೂ ಸೇರಿದ್ದಳು. ಡಾಕ್ಟರೇಟ್ ಮುಗಿಸಲು ಕೊಟ್ಟಿದ್ದ ಗಡುವು ಆಗಲೇ ಎರಡು ಸಲ ಮುಂದೆ ಹೋಗಿತ್ತು. ಬರುವ ಬೇಸಿಗೆ ಕೊನೆಯದು. ಅಷ್ಟರೊಳಗೆ ಈ ಅಣುವಿನ ಮೇಲಿನ ಲೇಖನ ಯಾವುದಾದರೂ ಪತ್ರಿಕೆಯಲ್ಲಿ ಒಪ್ಪಿಗೆ ಆಗದಿದ್ದರೆ ಪದವಿ ಇಲ್ಲ, ಬರಿಗೈಯಲ್ಲಿ ಮನೆಗೆ.

ಗ್ರಾಫ್ ಬಂತು. ಕಣ್ಣಿಗೆ ಕಾಣದ ಕಡೆ ಎತ್ತರದ ಒಂದು ಶಿಖರ, ಅವಳು ಲೆಕ್ಕ ಹಾಕಿದ್ದ ಜಾಗದಲ್ಲೇ. ಅದರ ಬಲಕ್ಕೆ, ನೀಲಿಯಲ್ಲಿ, ತಗ್ಗಾದ ಒಂದು ಗೂನು. ದ್ರಾವಣದಲ್ಲಿ ಕರಗಿಸಿ ನೋಡಿದಾಗ ಆ ಗೂನು ಇರಲಿಲ್ಲ. ದೀಪ ಮಾಡಿದಾಗ ಮಾತ್ರ ಎದ್ದಿತ್ತು. ಮನುಷ್ಯರ ಕಣ್ಣಿಗೆ ಆ ಗೂನು ಬಿಟ್ಟರೆ ಬೇರೇನೂ ಕಾಣದು. ಅಷ್ಟೂ ಜನ ಚಪ್ಪಾಳೆ ತಟ್ಟಿದ್ದು ಅದಕ್ಕೇ.

"ಅಣುಗಳು ಒತ್ತೊತ್ತಾಗಿ ಕೂತಾಗ ಹೀಗಾಗುತ್ತೆ," ಎಂದರು ಹುವೋ ಮೇಷ್ಟ್ರು. "ಹಾಗಂತಲೇ ಒಂದು ಸಾಲು ಬರಿ. ಎಲ್ಲರ ಗ್ರಾಫಿನಲ್ಲೂ ಒಂದು ಬಾಲ ಇದ್ದೇ ಇರುತ್ತೆ."

"ಒತ್ತೊತ್ತಾಗಿ ಕೂರಬಾರದು ಅಂತಲೇ ಅಲ್ವಾ ಮೇಷ್ಟ್ರೇ, ಹೀಗೆ ಕಟ್ಟಿದ್ದು?"

"ಸ್ವಲ್ಪ ಕೂತಿವೆ ಅಂತ ಬರಿ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ದನಿಯಲ್ಲಿ ಸಿಡುಕು ಇರಲಿಲ್ಲ. "ಸೂಯಿನ್, ಈ ತಿಂಗಳು ಕಳಿಸಿದ್ರೆ ಬೇಸಿಗೆಯೊಳಗೆ ನಿನ್ನ ಕೆಲಸ ಆಗುತ್ತೆ."

ಅವಳು ಮನೆಗೆ ಹೊರಟಾಗ ಬೀದಿಯ ಎರಡೂ ಬದಿಗೆ ಕೋಸಿನ ರಾಶಿ ಬಿದ್ದಿತ್ತು. ಉತ್ತರದ ಈ ಚಾಂಗ್‌ಚುನ್ ಊರಿನಲ್ಲಿ ಚಳಿ ಕಾಲಿಡುವ ಮುಂಚೆ ಮನೆಮನೆಯಲ್ಲೂ ಕೋಸಿಗೆ ಉಪ್ಪು ಹಾಕಿ ಗುಡಾಣದಲ್ಲಿ ಹುಳಿ ಬರಿಸಿಡುತ್ತಾರೆ. ಬಸ್ಸು ತಡವಾದ ಸಿಟ್ಟಿಗೋ ಹಸಿವಿಗೋ, ಸೂಯಿನ್ ನಿಲ್ದಾಣದ ಪಕ್ಕದ ಗಾಡಿಯಲ್ಲಿ ಕರಿದ ಹಿಟ್ಟಿನ ಕೋಲೊಂದನ್ನು ಕೊಂಡು ನಿಂತಲ್ಲೇ ತಿಂದಳು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಿಲ್ಲ.

ಬಾಲ್ಕನಿಯಲ್ಲಿ ಅತ್ತೆ ಗುಡಾಣದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮಗ ರೈಲು ಬೋಗಿಗಳ ದುರಸ್ತಿಗೆಂದು ಊರೂರು ಅಲೆಯುವವನು. ಮೊಮ್ಮಗಳನ್ನು ನೋಡಿಕೊಳ್ಳಲು ಅವರು ಹಳ್ಳಿಯಿಂದ ಬಂದು ಇಲ್ಲೇ ಉಳಿದಿದ್ದರು. ಕೋಸಿನ ಮೇಲೆ ಇಡುವ ಕಲ್ಲನ್ನು ಎತ್ತಿಕೊಡಲು ಸೂಯಿನ್ ಬಗ್ಗಿದಳು.

"ಏ, ನಿಲ್ಲು. ಕೈ ತೊಳ್ಕೊಂಡ್ಯಾ?"

"ತೊಳ್ಕೊಂಡೆ ಅಮ್ಮ."

"ಸೋಪು ಹಾಕಿ?" ಅತ್ತೆ ಅವಳ ಮುಖವನ್ನೇ ನೋಡಿದರು. "ತುಟಿ ಮೇಲೆ ಎಣ್ಣೆ ಪಸೆ ಹಂಗೇ ಮಿಂಚ್ತೈತೆ. ಕರಿದಿದ್ದು ತಿಂದ್ಕೊಂಡು ಬಂದು ನನ್ನ ಗುಡಾಣಕ್ಕೆ ಕೈ ಹಾಕ್ತಾಳೆ. ಆಚೆಗೋಗು. ಒಂದ್ ತೊಟ್ಟು ಎಣ್ಣೆ ಸಾಕು, ಇಡೀ ಗುಡಾಣ ಲೋಳೆ ಹಿಡಿತದೆ."

"ಬಿದ್ದ ತಕ್ಷಣ ಗೊತ್ತಾಗಲ್ವಾ?"

"ಹೆಂಗೆ ಗೊತ್ತಾಗ್ತದೆ? ಮೇಲೆ ನೋಡಿದ್ರೆ ಎಲ್ಲ ಚೆಂದಾಗೇ ಇರ್ತದೆ. ತಿಂಗಳು ಬಿಟ್ಟು ತೆಗೆದಾಗ ತಾನೆ ಅದು ಬಣ್ಣ ತೋರ್ಸೋದು."

ಮಾಯ್‌ಮಾಯ್ ಒಳಗಿನಿಂದ ಓಡಿ ಬಂದಳು. ಬಾಯಲ್ಲಿ ಅವಳದೇ ಬಿಳಿ ಕೈಗವಸಿನ ಹೆಬ್ಬೆರಳು. ಕಚ್ಚಿ ಕಚ್ಚಿ ತುದಿ ತೂತಾಗಿತ್ತು. "ಅಮ್ಮಾ, ನಿನ್ ದೀಪ ಹತ್ಕೊಳ್ತಾ?"

"ಹತ್ಕೊಳ್ತು ಪುಟ್ಟಿ."

"ಯಾವ ಬಣ್ಣ?"

"ನೀಲಿ."

"ಚೆನ್ನಾಗಿತ್ತಾ?"

"ತುಂಬ ಚೆನ್ನಾಗಿತ್ತು."

"ಮತ್ಯಾಕೆ ಹಿಂಗಿದ್ದೀಯ?"

ಅತ್ತೆ ಕೈಗವಸನ್ನು ಅವಳ ಬಾಯಿಂದ ಕಿತ್ತು ಬಕೆಟ್ಟಿಗೆ ಎಸೆದರು. "ನಿಮ್ಮಮ್ಮಂಗೆ ಕಾಣದೆ ಇರೋ ದೀಪ ಬೇಕಂತೆ ಕಣವ್ವ. ಕಾಣೋ ದೀಪ ಬೀದಿ ತುಂಬ ಐತಲ್ಲ, ಅದ್ಕೆ ಯಾವನು ಡಾಕ್ಟರ್ ಪದವಿ ಕೊಡ್ತಾನೆ?"

ಸೂಯಿನ್‌ಗೆ ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು.

ಕಾಣದೆ ಇರೋ ದೀಪ. ಅವಳು ಲ್ಯಾಬಿಗೆ ಹೊಸದಾಗಿ ಸೇರಿದ ದಿನಗಳು. ಆಗ ಎಲ್ಲರಿಗಿಂತ ಹಿರಿಯನಾಗಿದ್ದವನು ಮೆಂಗ್ ಅಣ್ಣ. ಅವನ ಅಣುವಿನ ಮುಸುಕು ತೆಗೆದ ದಿನ ಹೀಗೇ ಎಲ್ಲರೂ ಕತ್ತಲೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಗುಂಡಿ ಒತ್ತಿದರೆ ಏನೂ ಇಲ್ಲ. ತೀರ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದವರಿಗೆ ಮಾತ್ರ ಬೂದಿಯೊಳಗಿನ ಕೆಂಡದ ನೆನಪಿನಂಥ ಮಂಕು ನೇರಳೆ. "ಮುಸುಕು ತೆಗೆದ್ರೆ ಒಳಗೆ ಮದುಮಗಳೇ ಇಲ್ಲವಲ್ಲೋ," ಎಂದು ಎಷ್ಟು ದಿನ ಗೋಳುಹೊಯ್ದುಕೊಂಡಿದ್ದರು. ಮೆಂಗ್ ಅಣ್ಣನ ಗ್ರಾಫಿನಲ್ಲಿ ಮಾತ್ರ ಒಂದೇ ಶಿಖರ ಇತ್ತು, ಸೂಜಿಯಂತೆ.

ಅವನು ಓದು ಮುಗಿಸಿ ಹೋಗುವಾಗ ಒಂದು ದೊಡ್ಡ ಕಂದು ಬಾಟಲಿ ಬಿಟ್ಟುಹೋದ. ಹಿರಿಯರು ಹೊರಡುವಾಗ ತಾವು ಮಾಡಿಟ್ಟ ಪುಡಿಗಳನ್ನು ಕಿರಿಯರಿಗೆ ಬಿಟ್ಟುಹೋಗುವುದು ವಾಡಿಕೆ. ಎಲ್ಲರೂ ಅದನ್ನು ಬಳುವಳಿ ಎನ್ನುತ್ತಾರೆ. ಮೆಂಗ್ ಅಣ್ಣನ ಬಳುವಳಿ ಕಾರ್ಬಜೋಲ್, ಅಂದರೆ ಅವಳ ಅಣುವಿನ ಒಂದು ರೆಕ್ಕೆಗೆ ಬೇಕಾದ ಬಿಳಿ ಪುಡಿ. ಅಂಗಡಿಯಿಂದ ತರಿಸಿದ ಕಾರ್ಬಜೋಲ್‌ನಲ್ಲಿ ಅದರ ಅವಳಿಯಂತಿರುವ ಇನ್ನೊಂದು ಅಣು ಕದ್ದು ಕೂತಿರುತ್ತದೆ, ಎಷ್ಟು ಸಲ ಕರಗಿಸಿ ಹರಳುಗಟ್ಟಿಸಿದರೂ ಬಿಟ್ಟುಹೋಗುವುದಿಲ್ಲ ಎಂಬುದು ಈ ಕಸುಬಿನವರಿಗೆ ಗೊತ್ತು. ಅದಕ್ಕೇ ಅಣ್ಣ ಬುಡದಿಂದ ತಾನೇ ತಯಾರಿಸಿದ್ದ. ಬಾಟಲಿಯ ಮೇಲೆ 'ಮನೆಯಲ್ಲೇ ಮಾಡಿದ್ದು' ಎಂದು ತಮಾಷೆಗೆ ಬರೆದೂ ಇದ್ದ. ಆಮೇಲೆ ಬಂದವರೆಲ್ಲ ಅದರಿಂದಲೇ ತೆಗೆದುಕೊಂಡರು. ಯಾರೂ ಅನುಮಾನಿಸಲಿಲ್ಲ. ಅಣ್ಣನ ಬಾಟಲಿಯನ್ನು ಅನುಮಾನಿಸುವುದುಂಟೆ?

ಮರುದಿನ ಊಟದ ಹೊತ್ತಿಗೆ ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಅವನಿಗೆ ಫೋನ್ ಮಾಡಿದಳು. ಅವನೀಗ ದಕ್ಷಿಣದ ಊರೊಂದರಲ್ಲಿ ಫೋನುಗಳ ಪರದೆ ಮಾಡುವ ಕಾರ್ಖಾನೆಯಲ್ಲಿದ್ದ.

"ಏನ್ ತಂಗಿ, ಇನ್ನೂ ಅಲ್ಲೇ ಇದ್ದೀಯಾ? ಆ ಕಟ್ಟಡಕ್ಕೆ ನಿನ್ನ ಹೆಸರೇ ಇಟ್ಟುಬಿಡ್ತಾರೆ."

"ಅಣ್ಣಾ, ಆ ಕಾರ್ಬಜೋಲ್ ಬಾಟಲಿ. ಅದು ಪೂರ್ತಿ ನೀವೇ ಮಾಡಿದ್ದಾ?"

"ನಾನೇ. ಆ ಚಳಿಗಾಲ ಪೂರ್ತಿ ನನ್ನ ಮೈ ನುಸಿಗುಳಿಗೆ ವಾಸನೆ ಹೊಡೀತಿತ್ತು. ಇನ್ನೂ ಇದೆಯಾ ಅದು?"

"ಇನ್ನೂ ಇದೆ. ಅದಕ್ಕೇ ಕೇಳ್ತಿರೋದು. ನೀವು ಅಷ್ಟು ಬಳಸಿದ ಮೇಲೂ, ನೀವು ಹೋಗುವಾಗ ಅದು ಕಂಠದವರೆಗೆ ತುಂಬಿತ್ತು."

ಆ ಕಡೆ ಯಂತ್ರಗಳ ಸದ್ದು ಕೇಳಿಸುತ್ತಿತ್ತು. ಮೆಂಗ್ ಅಣ್ಣ ಅದರಿಂದ ದೂರ ನಡೆದು ಬಂದಿರಬೇಕು, ಸದ್ದು ಸಣ್ಣದಾಯಿತು.

"ತಳದಲ್ಲಿ ಸ್ವಲ್ಪ ಉಳಿದಿತ್ತು," ಎಂದ. "ತಳ ಕಾಣೋ ಬಾಟಲಿ ಬಳುವಳಿ ಕೊಡೋಕೆ ನಾಚಿಕೆ ಆಯ್ತು. ಅಂಗಡಿಯದು ತರಿಸಿ, ಹಲವು ಸಲ ಹರಳುಗಟ್ಟಿಸಿ, ಅದರ ಮೇಲೇ ಸುರಿದೆ. ಪಾಪ ಚಿಕ್ಕವರಿಗೆ ಕಡಿಮೆ ಆಗಬಾರದು ಅಂತ." ಆಮೇಲೆ ದನಿ ತಗ್ಗಿಸಿ, "ನೀಲಿ ಬರ್ತಿದೆಯಾ?" ಎಂದು ಕೇಳಿದ.

"ತುಂಬ ಚೆನ್ನಾಗಿ ಬರ್ತಿದೆ ಅಣ್ಣ."

ಅವನು ನಗಲಿಲ್ಲ. "ಚೆಲ್ಲಿಬಿಡು ತಂಗಿ," ಎಂದ. "ನನ್ನ ಮುಖ ನೋಡಬೇಡ."

ಸೂಯಿನ್ ಫೋನ್ ಇಟ್ಟು ಮೆಟ್ಟಿಲು ಹತ್ತಿ, ಮತ್ತೆ ಇಳಿದು, ಮತ್ತೆ ಹತ್ತಿದಳು. ಆ ಕಳ್ಳ ಅಣು ಸಾವಿರಕ್ಕೊಂದು ಪಾಲೂ ಇರಲಿಕ್ಕಿಲ್ಲ. ದ್ರಾವಣದಲ್ಲಿ ದೂರದೂರ ಇದ್ದಾಗ ಅದರ ಸುಳಿವೇ ಸಿಗದು. ದೀಪದ ತೆಳುಪದರದಲ್ಲಿ ಎಲ್ಲ ಅಕ್ಕಪಕ್ಕ ಬಂದಾಗ ಮಾತ್ರ, ಮಳೆನೀರು ಅಂಗಳದ ಗುಂಡಿಯನ್ನೇ ಹುಡುಕಿಕೊಂಡು ಹರಿಯುವ ಹಾಗೆ ಶಕ್ತಿಯ ಒಂದು ಪಾಲು ಅದರತ್ತ ಹರಿದು ನೀಲಿಯಾಗಿ ಹೊರಬರುತ್ತದೆ. ಹಾಗಿದ್ದರೆ ಅವಳ ಅಣು ತಪ್ಪಿಲ್ಲ. ರೆಕ್ಕೆಗಳು ಅವಳು ಹೇಳಿದ ಓರೆಯಲ್ಲೇ ನಿಂತಿವೆ. ಆದರೆ ಅದನ್ನು ತೋರಿಸಲು ಕಾರ್ಬಜೋಲ್‌ನಿಂದ ಹಿಡಿದು ಎಲ್ಲವನ್ನೂ ಬುಡದಿಂದ ಮಾಡಬೇಕು.

ಹುವೋ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. "ಇದು ಊಹೆಯಾ, ಪುರಾವೆಯಾ?"

"ಊಹೆ, ಮೇಷ್ಟ್ರೇ."

"ಈಗ ಕಳಿಸಿದ್ರೆ ಪದವಿ ಇದೆ. ಹೊಸವರ್ಷದ ಹಬ್ಬದ ಆಚೆಗೆ ಹೋದ್ರೆ ಸಮಯ ಕೂದಲೆಳೆಯಷ್ಟು. ಹೊಸದರಲ್ಲೂ ಆ ಗೂನು ಬಂತು ಅಂದ್ರೆ?"

"ಅಣುವೇ ತಪ್ಪು ಅಂತ ಆಯ್ತು."

"ಮಗು ಇದೆ ನಿನಗೆ."

"ಇದೆ."

ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಮೊದಲ ಹಿಮ ಬೀಳತೊಡಗಿತ್ತು. "ನಾನು ಬೇಡ ಅಂತೀನಿ," ಎಂದರು ಕೊನೆಗೆ. "ತಡೆಯಲ್ಲ."

ಚಿಯೂ ಲೆಗೆ ಹೇಳುವುದೇ ಹೆಚ್ಚು ಕಷ್ಟವಾಯಿತು. ಯಾರ ಅಣುವಾದರೂ ಅದನ್ನು ವ್ಯಾಕ್ಯೂಮ್ ಯಂತ್ರದಲ್ಲಿ ಆವಿ ಮಾಡಿ ಗಾಜಿನ ಮೇಲೆ ಹರಡಿ ದೀಪ ಮಾಡುವವನು ಅವನೇ. ಅವನ ಸ್ವಂತ ಅಣುವೂ ಅದೇ ಕಂದು ಬಾಟಲಿಯದು.

"ಅಂದ್ರೆ ನಂದೂ ಹೋಯ್ತು ಅನ್ನಿ," ಎಂದ.

"ನಿನಗಿನ್ನೂ ಕಾಲ ಇದೆ ಕಣೋ."

"ಎಲ್ಲರೂ ಒಂದೇ ಪಾತ್ರೇಲಿ ಊಟ ಮಾಡ್ತಾ ಇದ್ವಿ. ನೀವೊಬ್ಬರು ಬಗ್ಗಿ ತಳ ನೋಡಿದ್ರಿ." ಅಷ್ಟು ಹೇಳಿ ಎದ್ದುಹೋದವನು ಬಹಳ ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಕಂದು ಬಾಟಲಿ ಮಾತ್ರ ಕಪಾಟಿನಿಂದ ಕಾಣೆಯಾಯಿತು. ಯಾರು ತೆಗೆದರೆಂದು ಸೂಯಿನ್ ಕೇಳಲಿಲ್ಲ.

ಆ ಚಳಿಗಾಲ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಾಜಿನ ಪಾತ್ರೆ ಕಾಯುತ್ತಿರುವಾಗ ಮನೆಯ ಒಲೆ ಆರಿಸಿದೆನೋ ಇಲ್ಲವೋ ಎನಿಸುವುದು. ಮನೆಯಲ್ಲಿ ಮಗಳ ಜಡೆ ಹಾಕುತ್ತಿರುವಾಗ ಪಾತ್ರೆಯ ಬಿಸಿ ಏರಿತೇನೋ ಎಂದು ಬೆರಳು ನಿಲ್ಲುವುದು. "ಅಮ್ಮಾ, ಒಂದೇ ಕಡೆ ಮೂರು ಸಲ ಗಂಟು ಹಾಕಿದ್ದೀಯ," ಎಂದು ಮಾಯ್‌ಮಾಯ್ ದೂರುವಳು. ಮೊದಲ ಸಲ ಮಾಡಿದ ಕಾರ್ಬಜೋಲ್ ಡಾಂಬರಿನಂತೆ ತಳ ಹಿಡಿಯಿತು. ಎರಡನೆಯದು ಮಂಕು ಹಳದಿ. ಅವಳು ಬಾಗಿಲು ದಾಟುತ್ತಿದ್ದಂತೆ ಅತ್ತೆ ಮೂಗು ಮುಚ್ಚಿಕೊಂಡು, "ಬಂದ್ಲಪ್ಪ, ಬಟ್ಟೆ ಪೆಟ್ಟಿಗೆ ಬಂತು," ಎನ್ನುವರು. ಅವಳ ಕೋಟನ್ನು ಕಿತ್ತುಕೊಂಡು, ಸೋಪಿನಪುಡಿಯನ್ನು ಉಪ್ಪಿನಂತೆ ಹಿಡಿಹಿಡಿಯಾಗಿ ಸುರಿದು, ನುಸಿಗುಳಿಗೆಯ ವಾಸನೆ ಹೋಗುವವರೆಗೂ ತಿಕ್ಕುವರು. ಕೋಟಿನ ಜೊತೆಗೇ ಮಗುವಿನ ಕೈಗವಸೂ ಅದೇ ಬಕೆಟ್ಟಿನಲ್ಲಿ ಮುಳುಗುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಸೋಸುಕಾಗದದ ಮೇಲೆ ಬೆಳ್ಳಗೆ, ಮೀನಿನ ಹುರುಪೆಯಂಥ ಹರಳುಗಳು ಉಳಿದವು. ಅವನ್ನು ಪರೀಕ್ಷೆಯ ನೇರಳಾತೀತ ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಚಿಯೂ ಲೆ ಹಿಂದೆ ಬಂದು ನಿಂತ.

"ಅಕ್ಕ, ನಿಮ್ಮ ಅತ್ತೆ ಸೋಪಿನಪುಡಿ ಕಾರ್ಖಾನೆ ಏನಾದ್ರೂ ಇಟ್ಟಿದ್ದಾರಾ? ಪುಡಿ ಬಿಡಿ, ನಿಮ್ಮ ತೋಳು ನೋಡಿ."

ನಿಜ, ಅವಳ ಕೋಟಿನ ಕೈತುದಿ ಆ ಕಾಣದ ಬೆಳಕಿನಡಿ ಬೆಳುನೀಲಿಯಾಗಿ ಉರಿಯುತ್ತಿತ್ತು. ಬಟ್ಟೆಗೆ ಬಿಳುಪು ಬರಲೆಂದು ಸೋಪಿನಪುಡಿಯಲ್ಲಿ ಬೆರೆಸುವ ವಸ್ತು ಮಾಡುವ ಆಟ ಅದು. ಇಬ್ಬರೂ ನಕ್ಕರು. ಎಷ್ಟೋ ದಿನದ ಮೇಲೆ.

"ಅಣು ಸಿದ್ಧ ಆದ ದಿನ ಹೇಳಿ," ಎಂದ ಅವನು. "ಯಂತ್ರದ ಸರದಿಯಲ್ಲಿ ನನ್ನ ದಿನ ನೀವು ತಗೊಳ್ಳಿ."

ಹಬ್ಬ ಬಂದು ಹೋಯಿತು. ಗಂಡ ಬಂದು ಹಬ್ಬದ ಕಡುಬು ಜಿಯಾವ್‌ಜಿ ತಿಂದು, ಮಗಳನ್ನು ಹೆಗಲ ಮೇಲೆ ಹೊತ್ತು ಪಟಾಕಿ ತೋರಿಸಿ, ಮತ್ತೆ ಹೊರಟ. ಬಾಗಿಲಲ್ಲಿ ನಿಂತು, "ಆಗದಿದ್ರೂ ಪರವಾಗಿಲ್ಲ," ಎಂದ. ಅವಳು, "ಹಾಗನ್ನಬೇಡಿ," ಎಂದಳು.

ರಜೆ ಮುಗಿದು ಶಾಲೆ ಶುರುವಾದ ದಿನ ಮಾಯ್‌ಮಾಯ್ ಬಸ್ಸಿನಿಂದ ಇಳಿಯುವ ಗಡಿಬಿಡಿಯಲ್ಲಿ ಒಂದು ಕೈಗವಸನ್ನು ಬೀಳಿಸಿಕೊಂಡಳು. ಸೂಯಿನ್ ಅದನ್ನು ಸೀಟಿನ ಕೆಳಗಿನಿಂದ ಹೆಕ್ಕುವಷ್ಟರಲ್ಲಿ ಮಗಳು ಗೇಟಿನೊಳಗೆ ಓಡಿದ್ದಳು. ಕೈಗವಸನ್ನು ಜೇಬಿಗೆ ತುರುಕಿಕೊಂಡು ಅವಳು ಲ್ಯಾಬಿಗೆ ಬಂದಳು. ಅಳತೆಯ ಕೋಣೆಯ ಕಪ್ಪು ಕೋಟು ಹಾಕಿಕೊಂಡಾಗ ಅದರ ಜೇಬಿಗೆ ಕೈಗವಸನ್ನು ಬದಲಿಸಿಕೊಂಡಳು. ಎಲ್ಲಾದರೂ ಇಟ್ಟರೆ ಮರೆತೇನೆಂಬ ಭಯ.

ಲ್ಯಾಬಿಗೆ ಇನ್ನೂ ಬೇರೆ ಯಾರೂ ಬಂದಿರಲಿಲ್ಲ. ಚಿಯೂ ಲೆ ಒಬ್ಬನೇ ಊರಿನಿಂದ ಹಿಮಗಟ್ಟಿದ ಪೇರ್ ಹಣ್ಣಿನ ಚೀಲ ಹೊತ್ತು ಮೊದಲೇ ಬಂದು, ದೀಪ ಮಾಡಿ ಇಟ್ಟಿದ್ದ.

"ಎಲ್ಲರೂ ಬರೋವರೆಗೆ ಕಾಯೋಣ್ವಾ?"

"ಬೇಡ," ಎಂದಳು. "ಆರಿಸು."

ಕತ್ತಲಾಯಿತು. ಸೂಯಿನ್ ಗುಂಡಿ ಒತ್ತಿದಳು.

ಏನೂ ಇಲ್ಲ.

ಅವಳು ಬಿಟ್ಟು ಇನ್ನೊಮ್ಮೆ ಒತ್ತಿ ಹಿಡಿದಳು. ಗಾಜು ಎಲ್ಲಿದೆ ಎಂದೇ ತಿಳಿಯದಷ್ಟು ಕಪ್ಪು. ಚಿಯೂ ಲೆ ಪಕ್ಕದಲ್ಲಿ ಗಂಟಲು ಸರಿಮಾಡಿಕೊಂಡ. "ಎಲ್ಲೋ ತಂತಿ ಬಿಟ್ಟಿರಬೇಕು ಅಕ್ಕ. ತಡೀರಿ." ಅವನು ಮೇಜಿನ ಕೆಳಗೆ ತೂರಿಕೊಂಡ. ತಂತಿಗಳನ್ನು ಜಗ್ಗುವ ಸದ್ದಾಯಿತು. "ತಂತಿ ಸರಿ ಇದೆ. ಕರೆಂಟೂ ಹರೀತಿದೆ," ಎಂದಿತು ಕೆಳಗಿನ ದನಿ, ಸ್ವಲ್ಪ ಅನುಮಾನದಲ್ಲಿ. "ದೀಪ ಯಾಕೆ..."

ಸೂಯಿನ್‌ಳ ಅಂಗೈ ಬೆವೆತು ಗುಂಡಿ ಜಾರುತ್ತಿತ್ತು. ಒಂದು ಕೈಯಲ್ಲಿ ಗುಂಡಿ ಹಿಡಿದೇ, ಇನ್ನೊಂದನ್ನು ಒರೆಸಿಕೊಳ್ಳಲು ಜೇಬಿಗೆ ಹಾಕಿದಳು. ಸಿಕ್ಕಿದ್ದು ಕೈಗವಸು. ಅದನ್ನು ಹೊರತೆಗೆದು, ಸ್ವಲ್ಪ ಹೊತ್ತು ಕತ್ತಲೆಯಲ್ಲಿ ಹಿಡಿದು ನಿಂತು, ಆಮೇಲೆ ನಿಧಾನವಾಗಿ ಗಾಜು ಇರಬೇಕಾದ ಜಾಗದ ಮೇಲೆ ಚಾಚಿದಳು.

"ಚಿಯೂ ಲೆ," ಎಂದು ಮೆಲ್ಲಗೆ ಕರೆದಳು. "ಎದ್ದು ಬಾ."

ಮೇಜಿನಂಚಿನಿಂದ ಅವನ ತಲೆ ಮೇಲೆ ಬಂದಿರಬೇಕು. ಅವನ ಉಸಿರು ಹತ್ತಿರದಲ್ಲೇ ಕೇಳಿಸಿತು. ಕೋಣೆಯಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ನಡುವೆ, ಗಾಜಿನಿಂದೇಳುವ ಕಾಣದ ಬೆಳಕಿಗೆ, ಪುಟ್ಟದೊಂದು ಕೈ ಮಾತ್ರ ಬೆಳುನೀಲಿಯಾಗಿ ತೇಲುತ್ತಿತ್ತು. ಕಚ್ಚಿ ತೂತಾಗಿದ್ದ ಹೆಬ್ಬೆರಳ ತುದಿಯಲ್ಲಿ ಅತ್ತೆ ಹೊಸ ದಾರದಿಂದ ಹಾಕಿದ್ದ ಹೊಲಿಗೆ, ಎಳೆ ಎಳೆಯಾಗಿ, ಎಣಿಸಬಹುದಿತ್ತು.